ಸೋತವರ ಮನೆಯ ಜಗಲಿ

ನಾನು ಮದುವೆಯಾಗಿ ಬಂದ ವಾರವೇ ನಮ್ಮ ಮನೆ ಸೋತಿತು. ಕೈಗೆ ಹಚ್ಚಿದ ಅರಿಸಿನ ಇನ್ನೂ ಮಾಸಿರಲಿಲ್ಲ. ಮತ ಎಣಿಕೆಯ ಮರುದಿನ ಬೆಳಿಗ್ಗೆ ನನ್ನ ಗಂಡ ಸಂಗಮೇಶ ಒಳಗೆ ಬಂದು, "ಟ್ರಂಕು ಬಿಚ್ಚಬ್ಯಾಡ, ಹಂಗ ಇರಲಿ. ಇವತ್ತ ಸೋತವರ ಮನಿಗೆ ಹೋಗೂದೈತಿ" ಅಂದ. ಯಾವ ಮನೆ, ಯಾಕೆ ಹೋಗಬೇಕು ಎಂದು ಕೇಳುವ ಧೈರ್ಯ ಹೊಸ ಮದುಮಗಳಿಗೆ ಎಲ್ಲಿಂದ ಬರಬೇಕು? ನಮ್ಮ ಹೂವಿನ ಅಂಗಡಿಯ ಗಾಡಿಯಲ್ಲಿ ನನ್ನ ಟ್ರಂಕನ್ನೂ ದೇವರ ಪೆಟ್ಟಿಗೆಯನ್ನೂ ಹೇರಿಕೊಂಡು ಎಲ್ಲರೂ ಹೊರಟೆವು.

ಸೋತದ್ದು ನನ್ನ ನೆಗೆಣ್ಣಿ ನೀಲಾಂಬಿಕಾ ಹೂಗಾರ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿದುಕೊಂಡು ಹೋಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದ ಸರಕಾರಿ ನರ್ಸು ಅವರು. ಊರವರು ನರ್ಸಬಾಯಿ ಅನ್ನುತ್ತಿದ್ದರು, ನಾನು ಅಕ್ಕ ಅನ್ನುತ್ತಿದ್ದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಚುನಾವಣೆಗೆ ನಿಂತಾಗ ಹೂವಿನ ಅಂಗಡಿಯವರ ಸೊಸೆಗೆ ಇದೆಂಥ ಹುಚ್ಚು ಎಂದು ಬಂಧುಗಳೆಲ್ಲ ಮಾತಾಡಿಕೊಂಡರಂತೆ. ಈಗ ಪತ್ರಿಕೆಯವರು ಬಂದು, ನಿಮ್ಮ ಅಕ್ಕ ಯಾವ ವರ್ಷ ಗೆದ್ದರು, ಯಾವ ವರ್ಷ ಸೋತರು ಎಂದು ನನ್ನನ್ನು ಕೇಳುವುದುಂಟು. ನನಗೆ ವರ್ಷ ನೆನಪಿರುವುದಿಲ್ಲ. ನಮ್ಮ ಸಾಮಾನು ಓಣಿಯ ಯಾವ ಬದಿಯಿಂದ ಯಾವ ಬದಿಗೆ ಹೋಯಿತು ಎನ್ನುವುದು ಮಾತ್ರ ನೆನಪಿದೆ. ಅವರ ರಾಜಕೀಯವನ್ನು ನಾನು ಹಾಗೆಯೇ ಹೇಳಬಲ್ಲೆ.

ನಮ್ಮೂರಿನ ಕಚೇರಿ ಓಣಿಯಲ್ಲಿ ಎದುರುಬದುರಾಗಿ ಎರಡು ಮನೆಗಳಿವೆ. ಚುನಾವಣೆಯಲ್ಲಿ ಗೆದ್ದು ಶಾಸಕರಾದವರು ಗೆದ್ದವರ ಮನೆಯಲ್ಲಿ, ಎರಡನೆಯವರಾಗಿ ಸೋತವರು ಸೋತವರ ಮನೆಯಲ್ಲಿ, ಮುಂದಿನ ಚುನಾವಣೆಯ ತನಕ ಸಂಸಾರ ಸಮೇತ ಇರಬೇಕು. ಮೂರನೆಯವರನ್ನು ಯಾರೂ ಕೇಳುವುದಿಲ್ಲ. ಗೆದ್ದವರ ಮನೆಗೆ ಮಹಡಿ ಇದೆ, ಬಣ್ಣದ ಗಾಜಿನ ಕಿಟಕಿಗಳಿವೆ, ಜಗಲಿ ಇಲ್ಲ. ಜಗಲಿ ಇರುವುದು ಸೋತವರ ಮನೆಗೆ. ದಿನಾ ಬೆಳಿಗ್ಗೆ ಜೀಪು ಹತ್ತುವ ಮೊದಲು ಶಾಸಕರು ಓಣಿ ದಾಟಿ ಬಂದು ಆ ಜಗಲಿಯ ಮೇಲೆ ಕೂರುತ್ತಾರೆ. ಸೋತವರು ಒಂದು ಪ್ರಶ್ನೆ ಕೇಳುತ್ತಾರೆ. ಶಾಸಕರು ಉತ್ತರ ಹೇಳಿ ಎದ್ದು ಹೋಗುತ್ತಾರೆ. ಉತ್ತರ ತಿಳಿಯದಿದ್ದರೆ ಗೊತ್ತಿಲ್ಲ ಎಂದೂ ಅನ್ನಬಹುದು. ಆದರೆ ಹಾಗೆ ಅಂದ ದಿನ ಗೆದ್ದವರೂ ಸೋತವರೂ ಜೊತೆಯಾಗಿ ಹೋಗಿ, ತಿಳಿದುಕೊಂಡು ಬರಬೇಕು. ಬದ್ಧವೈರಿಯ ಪಕ್ಕದಲ್ಲಿ ಕೂತು ಊರೆಲ್ಲ ತಿರುಗುವುದು ಯಾರಿಗೆ ಬೇಕು? ಹಾಗಾಗಿ ನಮ್ಮೂರಿನ ಶಾಸಕರಿಗೆ ಆವರೆಗೆ ಗೊತ್ತಿಲ್ಲದ ಸಂಗತಿ ಒಂದೂ ಇರಲಿಲ್ಲ.

ಓಣಿ ಈ ಪದ್ಧತಿಗೆ ಚೆನ್ನಾಗಿ ಹೊಂದಿಕೊಂಡಿತ್ತು. ಚಹಾದಂಗಡಿಯವನು ಆ ಹೊತ್ತಿಗೆ ಎರಡನೆಯ ಒಲೆ ಹಚ್ಚುತ್ತಿದ್ದ. ಹೆಂಗಸರು ಅವರೆಕಾಯಿ ಸುಲಿಯುವ ಕೆಲಸವನ್ನು ಆ ಹೊತ್ತಿಗೆಂದೇ ಉಳಿಸಿಕೊಂಡು ಮೊರ ಹಿಡಿದು ಬರುತ್ತಿದ್ದರು. ಬೀಸುವ ಕಲ್ಲು, ನೀರಿನ ಹಂಡೆ, ಮಂಚಗಳು ಎಂದೂ ಮನೆ ಬದಲಿಸುತ್ತಿರಲಿಲ್ಲ. ಬಟ್ಟೆಬರೆ, ಪಾತ್ರೆ, ದೇವರು, ಕಾಳುಕಡಿ ಮಾತ್ರ ಓಣಿ ದಾಟುತ್ತಿದ್ದವು.

ಎದುರು ಮನೆಯಲ್ಲಿದ್ದವರು ಶಾಸಕ ಮಹಾರುದ್ರಪ್ಪ ಕಮತಗಿ. ಹತ್ತಿ ವ್ಯಾಪಾರದ ಮನೆತನ, ಬಿಳಿ ಧೋತರ, ಗಂಟೆ ಹೊಡೆದಂಥ ಧ್ವನಿ. ನಾವು ಸಾಮಾನು ಇಳಿಸುತ್ತಿರುವಾಗಲೇ ಅವರ ಹೆಂಡತಿ ಗುರುಬಸವ್ವ ಹೊಸ ಸೊಸೆಯನ್ನು ನೋಡಲು ಬಂದರು. ತಾವೂ ಹಿಂದೊಮ್ಮೆ ಸೋತವರ ಮನೆಯಲ್ಲಿ ಬಾಳಿದವರಾದ್ದರಿಂದ ನೆಟ್ಟಗೆ ಅಡುಗೆಮನೆಗೇ ನಡೆದರು. "ಈ ಒಲಿ ಭಾಳ ಹೊಗಿ ಕಾರತೈತಿ ತಂಗಿ. ಹಿತ್ತಲ ಬಾಗಿಲಾ ತಗದು ಹಚ್ಚು. ಆ ಮೂಲ್ಯಾಗ ಉಪ್ಪು ಇಡಬ್ಯಾಡ, ಗ್ವಾಡಿ ಪಸಿ ಐತಿ" ಅಂದರು. ಅವತ್ತಿನಿಂದ ನಾನು ಅವರನ್ನು ಚಿಗವ್ವ ಅಂದೆ. ಗಂಡಸರ ಪಕ್ಷ ಯಾವುದಾದರೂ ಇರಲಿ, ನಮ್ಮಿಬ್ಬರ ನಡುವೆ ಮಜ್ಜಿಗೆಯ ತಂಬಿಗೆ ಓಡಾಡುತ್ತಲೇ ಇತ್ತು.

ಮೊದಲ ದಿನ ಕಮತಗಿಯವರು ಬಂದು ಜಗಲಿಯ ಮೇಲೆ ಕೂತು, ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, "ಕೇಳ್ರಿ ಬಾಯಾರ" ಅಂದರು.

"ನಮ್ಮ ಆಸ್ಪತ್ರಿಗೆ ಹೆರಿಗಿ ಡಾಕ್ಟರ್ ಬಂದಾರೇನ್ರಿ, ಸಾಹುಕಾರ್ರ?" ಎಂದು ಅಕ್ಕ ಕೇಳಿದರು.

"ಬರೂ ತಿಂಗಳ ಬರ್ತಾರ."

ಮರುದಿನವೂ ಅಕ್ಕ ಅದನ್ನೇ ಕೇಳಿದರು. ಅದರ ಮರುದಿನವೂ ಅದನ್ನೇ. ಕೆಲಸ ಬಿಟ್ಟು ಅವರು ಚುನಾವಣೆಗೆ ನಿಂತದ್ದೇ ಆ ಒಂದು ಮಾತಿಗೆ. ಹೆರಿಗೆ ಕಷ್ಟವಾದರೆ ನಮ್ಮೂರಿನಿಂದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ದಾರಿಯುದ್ದ ಕಪ್ಪುಮಣ್ಣು, ತಗ್ಗುದಿಣ್ಣೆ. ಆ ದಾರಿಯಲ್ಲಿ ಎಷ್ಟೋ ಹೆಂಗಸರ ಕೈ ಹಿಡಿದು ಕೂತವರು ಅವರು. ಎಲ್ಲರೂ ಆಸ್ಪತ್ರೆ ಮುಟ್ಟಿರಲಿಲ್ಲ.

ಕಮತಗಿಯವರ ಉತ್ತರಗಳು ದಿನಕ್ಕೊಂದು ಬಗೆಯಾಗಿರುತ್ತಿದ್ದವು. ಒಮ್ಮೆ ಹುದ್ದೆ ಮಂಜೂರಾಗಿದೆ ಅನ್ನುವರು, ಒಮ್ಮೆ ಫೈಲು ಹಣಕಾಸು ಇಲಾಖೆಯಲ್ಲಿದೆ ಅನ್ನುವರು. ಡಾಕ್ಟರು ಸಿಕ್ಕಿದ್ದಾರೆ, ಅವರ ಮದುವೆ ಗೊತ್ತಾಗಿದೆ, ಅದು ಮುಗಿಯಲಿ ಎಂದು ಒಂದು ಸಲ ಹೇಳಿದಾಗ ಓಣಿಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ಕಮತಗಿಯವರು ಕೆಟ್ಟ ಮನುಷ್ಯರಲ್ಲ. ರಸ್ತೆ ಮಾಡಿಸಿದ್ದರು, ಕೆರೆಗೆ ನೀರು ತಂದಿದ್ದರು, ಸಾವಿನ ಮನೆಗೆ ಕರೆಯದೆ ಹೋಗುತ್ತಿದ್ದರು. ಹೆರಿಗೆ ಅನ್ನುವುದು ಹೆಂಗಸರ ವಿಷಯ, ಹೇಗೋ ಆಗಿಹೋಗುತ್ತದೆ ಎಂದು ಅವರು ತಿಳಿದಿದ್ದರು ಅಷ್ಟೇ.

ಮರುವರ್ಷ ನಾನು ಬಸುರಾದೆ. ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ನೋವು ಶುರುವಾಯಿತು. ಅಕ್ಕ ಹೊಟ್ಟೆ ಮುಟ್ಟಿ ನೋಡಿದರು, ಅವರ ಮುಖದ ಕಳೆ ಇಳಿಯಿತು. ಓಡಿ ಎದುರು ಮನೆಗೆ ಹೋದರು. ಕಮತಗಿಯವರು ಎಲ್ಲಿಗೋ ಹೊರಟಿದ್ದವರು ಜೀಪಿನಿಂದ ಇಳಿದು, ಸೀಟಿನ ಮೇಲೆ ತಮ್ಮ ಮನೆಯ ಗಾದಿ ಹಾಸಿ ಕೊಟ್ಟರು. ಆ ಪ್ರಯಾಣದ ಬಗ್ಗೆ ನಾನು ಹೆಚ್ಚು ಹೇಳಲಾರೆ. ದಾರಿಯಲ್ಲಿ ಒಂದು ಗೋಧಿ ಹೊಲ ಕಂಡದ್ದು ನೆನಪಿದೆ. ಜಿಲ್ಲಾ ಆಸ್ಪತ್ರೆಯವರು ನನ್ನನ್ನು ಉಳಿಸಿದರು. ಕೂಸು ದಾರಿಯಲ್ಲೇ ಹೋಗಿತ್ತು. ಗಂಡು.

ನನ್ನನ್ನು ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಜಗಲಿಗೆ ತಗುಲಿದ ಕೋಣೆಯಲ್ಲಿ ಮಲಗಿದ್ದೆ. ಇವತ್ತು ಅಕ್ಕ ಆ ಪ್ರಶ್ನೆ ಕೇಳಲಿಕ್ಕಿಲ್ಲ ಅಂದುಕೊಂಡೆ. ಕೇಳಿದರು. ಅದೇ ಧ್ವನಿ, ಅದೇ ಮಾತು: "ನಮ್ಮ ಆಸ್ಪತ್ರಿಗೆ ಹೆರಿಗಿ ಡಾಕ್ಟರ್ ಬಂದಾರೇನ್ರಿ, ಸಾಹುಕಾರ್ರ?"

ಹೊರಗೆ ಕಮತಗಿಯವರು ಚಪ್ಪಲಿಗೆ ಕಾಲು ಹಾಕಿದ ಸದ್ದಾಯಿತು. ಆಮೇಲೆ "ಫೈಲು ನಡದೈತ್ರಿ" ಅಂದು ಕಮತಗಿಯವರು ಎದ್ದು ಹೋದರು. ಅವತ್ತು ಯಾರೂ ನಗಲಿಲ್ಲ.

ಅವರ ಜೀಪು ಹೋದ ಮೇಲೆ ಗುರುಬಸವ್ವ ಬಂದು ನನ್ನ ಮಂಚದ ಮೇಲೆ ಕೂತರು. ಬಿಸಿ ರೊಟ್ಟಿ, ಬೆಣ್ಣೆ, ಸಬ್ಬಸಗಿ ಪಲ್ಯ ತಂದಿದ್ದರು. ನಾನು ಮುಖ ತಿರುಗಿಸಿದೆ. "ಕೂಸು ಇರಲಿ ಇಲ್ಲದಿರಲಿ, ಮೈಯಂತೂ ಬಾಣಂತಿ ಮೈಯ ಐತಿ ತಂಗಿ. ತಿನ್ನು" ಅಂದು, ತುತ್ತು ಮಾಡಿ ಬಾಯಿಗಿಟ್ಟರು. ಅವರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. "ನಮ್ಮವರು ನಿನ್ನೆ ಊಟಾ ಮಾಡಿಲ್ಲ" ಎಂದಷ್ಟೇ ಹೇಳಿದರು.

ಚುನಾವಣೆಗೆ ಒಂದು ವರ್ಷ ಇರುವಾಗ ಡಾಕ್ಟರೊಬ್ಬರು ಬಂದದ್ದುಂಟು, ಆದರೆ ಸ್ವಲ್ಪ ದಿನಕ್ಕೇ ಬಿಟ್ಟುಹೋದರು, ಅಕ್ಕನ ಪ್ರಶ್ನೆ ಹಾಗೇ ಉಳಿಯಿತು. ಮುಂದಿನ ಚುನಾವಣೆಯಲ್ಲಿ ಅಕ್ಕ ಗೆದ್ದರು. ಒಂದು ಪಕ್ಷ ಕರೆದು ಟಿಕೆಟ್ ಕೊಟ್ಟಿತ್ತು, ಆದರೆ ಗೆಲ್ಲಿಸಿದ್ದು ಹಳ್ಳಿಗಳ ಹೆಂಗಸರು. ಓಣಿಯಲ್ಲಿ ಎರಡು ಸಂಸಾರಗಳ ಗಾಡಿಗಳು ಒಂದನ್ನೊಂದು ದಾಟಿದವು. ನಡುಬೀದಿಯಲ್ಲಿ ಗುರುಬಸವ್ವನೂ ನಾನೂ ಬೀಗದ ಕೈ ಅದಲುಬದಲು ಮಾಡಿಕೊಂಡೆವು. ಕಮತಗಿಯವರು ಮಾತ್ರ ಯಾರ ಮುಖವನ್ನೂ ನೋಡದೆ, ಕೈಯಲ್ಲೊಂದು ಕೊಡೆ ಹಿಡಿದು, ಬಿಸಿಲಿದ್ದರೂ ಅದನ್ನು ಬಿಡಿಸದೆ, ಸೋತವರ ಮನೆಯ ಮೆಟ್ಟಿಲು ಹತ್ತಿದರು.

ಮರುದಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕ ನೀಲಿ ಇಳಕಲ್ ಸೀರೆ ಉಟ್ಟು ಓಣಿ ದಾಟಿ ಹೋಗಿ ಜಗಲಿಯ ಮೇಲೆ ಕೂತರು. ಕಮತಗಿಯವರು ಜನರನ್ನೊಮ್ಮೆ ನೋಡಿ, ಮೀಸೆಯಲ್ಲೇ ನಕ್ಕು, ಹಾಡಿನಂತೆ ಎಳೆದು ಕೇಳಿದರು. "ನಮ್ಮ ಆಸ್ಪತ್ರಿಗೆ ಹೆರಿಗಿ ಡಾಕ್ಟರ್ ಬಂದಾರೇನ್ರಿ, ಬಾಯಾರ?"

ಜನ ಹೋ ಎಂದರು. ಸದ್ದು ಅಡಗಿದ ಮೇಲೆ ಅಕ್ಕ ಹೇಳಿದರು. "ಬಂದಿಲ್ರಿ. ಹುದ್ದೆ ಐತಿ, ಪಗಾರ ಐತಿ, ಬಂದವರು ಯಾಕ ನಿಲ್ಲೂದಿಲ್ಲ ಅನ್ನೂದು ಮಾತ್ರ ನನಗ ಗೊತ್ತಿಲ್ಲ."

"ಏನಂದ್ರಿ?"

"ಗೊತ್ತಿಲ್ಲ ಅಂದೆ. ನಡ್ರಿ, ಇಬ್ಬರೂ ಹೋಗಿ ತಿಳಕೊಂಡು ಬರೂಣು."

ಚಹಾದಂಗಡಿಯವನು ಚಹಾ ಎತ್ತಿ ಹೊಯ್ಯುತ್ತಿದ್ದವನು ಕೈ ಮೇಲೆತ್ತಿಯೇ ನಿಂತ. ಆ ಮಾತನ್ನು ಆ ಜಗಲಿಯ ಮೇಲೆ ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಕಮತಗಿಯವರಿಗೆ ತಮ್ಮ ಚಪ್ಪಲಿ ಎಲ್ಲಿವೆ ಎಂಬುದೇ ತಿಳಿಯಲಿಲ್ಲ; ಗುರುಬಸವ್ವ ಒಳಗಿನಿಂದ ತಂದಿಟ್ಟರು. ಅಕ್ಕ ನನ್ನತ್ತ ತಿರುಗಿ, "ಕಸ್ತೂರಿ, ನೀನೂ ಬಾ" ಅಂದರು. ನಾನು ಹೋಗಿ ಹಿಂದೆ ಕೂತೆ. ಅದೇ ದಾರಿ, ಗೆದ್ದವರಿಗೆ ಸೇರುವ ಅದೇ ಜೀಪು. ಗೋಧಿ ಹೊಲ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ.

ಹಿಂದಿನ ವರ್ಷ ನಮ್ಮೂರಿಗೆ ಬಂದು ಸ್ವಲ್ಪ ದಿನಕ್ಕೇ ಬಿಟ್ಟುಹೋದ ಡಾಕ್ಟರು ಈಗ ಜಿಲ್ಲಾ ಆಸ್ಪತ್ರೆಯಲ್ಲಿದ್ದರು. ಹೆಸರು ಶಮೀಮ್ ಬಾನು, ವಯಸ್ಸು ಮೂವತ್ತರ ಆಸುಪಾಸು. ಎದುರಿಗೆ ಬಂದು ಕೂತ ಇಬ್ಬರಲ್ಲಿ ಒಬ್ಬರು ಶಾಸಕರು, ಇನ್ನೊಬ್ಬರು ಮಾಜಿ ಎಂದು ತಿಳಿದರೂ ಅವರು ಏಳಲಿಲ್ಲ. ಕೈಯಲ್ಲಿದ್ದ ಕೆಲಸ ಮುಗಿಸಿಯೇ ತಲೆ ಎತ್ತಿದರು.

"ಯಾಕೆ ಬಿಟ್ಟೆ ಅಂತ ಕೇಳೋಕೆ ಇಷ್ಟು ದೂರ ಬಂದ್ರಾ? ನನಗೆ ಕೊಟ್ಟ ಮನೆಯಲ್ಲಿ ನೀರಿಲ್ಲ. ಬಚ್ಚಲಿಗೆ ಬಾಗಿಲಿಲ್ಲ. ಕಾಂಪೌಂಡ್ ಇಲ್ಲ. ಎದುರಿಗೆ ಸಾರಾಯಿ ಅಂಗಡಿ. ಸಂಜೆಯಾದರೆ ಗಂಡಸರು ನನ್ನ ಕಿಟಕಿ ಕಡೆ ಮುಖ ಮಾಡಿ ಕೂರೋರು. ನಾನು ಒಬ್ಬಳೇ. ಹೆರಿಗೆ ಮಾಡಿಸೋಕೆ ಬಂದಿದ್ದೆ, ಬಾಗಿಲು ಕಾಯೋಕಲ್ಲ." ಆಮೇಲೆ ಕಮತಗಿಯವರತ್ತ ನೋಡಿ, "ನಿಮ್ಮ ಮನೆಗೆ ಎರಡು ಸಲ ಬಂದಿದ್ದೆ ಸರ್. ಎರಡು ಸಲವೂ ನಿಮ್ಮ ಜೀಪು ಹೊರಡ್ತಾ ಇತ್ತು. ಕಿಟಕಿಯಿಂದಲೇ ಕೈ ಮುಗಿದ್ರಿ" ಅಂದರು.

ಕಮತಗಿಯವರು ಶಲ್ಯದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು.

"ಇದೆಲ್ಲಾ ಮಾಡಿಕೊಟ್ಟರ ಬರ್ತೀರೇನ್ರಿ ಡಾಕ್ಟರ?" ಎಂದು ಅಕ್ಕ ಕೇಳಿದರು.

"ಮೊದಲು ಮಾಡಿ ತೋರಿಸಿ. ಆಮೇಲೆ ಬಂದು ಕೇಳಿ."

ಬರುವಾಗ ಜೀಪು ಅರ್ಧ ದಾರಿ ದಾಟಿತು. ಆಮೇಲೆ ಕಮತಗಿಯವರು ಎದುರಿನ ರಸ್ತೆಯನ್ನೇ ನೋಡುತ್ತ, "ನಳದ ಕೆಲಸಾ ಆ ಹೊಸ ಎಂಜಿನಿಯರ್‍ಗೆ ಹೇಳಬ್ಯಾಡ್ರಿ, ವರ್ಷಗಟ್ಟಲೆ ಎಳೀತಾನ. ಪುರಸಭಾದಾಗ ಹೇಳ್ರಿ, ಲಗೂನ ಆಕ್ಕೈತಿ" ಅಂದರು. ಅಕ್ಕ ಹೂಂ ಅಂದರು.

ಅಲ್ಲಿಂದ ಮುಂದೆ ಜಗಲಿಯ ಪ್ರಶ್ನೆಗಳ ಧಾಟಿಯೇ ಬೇರೆಯಾಯಿತು. "ನಳಾ ಬಂತೇನ್ರಿ?" "ಗ್ವಾಡಿ ಎಲ್ಲೀತನಾ ಬಂತ್ರಿ?" "ಸಾರಾಯಿ ಅಂಗಡಿ ಯಾವಾಗ ಎಬ್ಬಸ್ತೀರಿ?" ಎಂದು ಕಮತಗಿಯವರು ದಿನಾ ಚುಚ್ಚಿದರು. ವೈರಿಯ ಚುಚ್ಚುಮಾತಿಗೆ ಇರುವಷ್ಟು ಶಕ್ತಿ ಅಧಿಕಾರಿಯ ಆದೇಶಕ್ಕಿಲ್ಲ ಎನ್ನುವುದನ್ನು ನಾನು ಆಗ ಕಂಡೆ. ಅಕ್ಕ ಬೆಳಗಿನ ಉತ್ತರಕ್ಕಾಗಿ ಹಿಂದಿನ ದಿನವೇ ಓಡಾಡಿ ಕೆಲಸ ಮಾಡಿಸುತ್ತಿದ್ದರು. ಸಾರಾಯಿ ಅಂಗಡಿಯವನು ತಕರಾರು ತೆಗೆದಾಗ ಹಳ್ಳಿಗಳ ಹೆಂಗಸರು ಬಂದು ಅದರ ಮುಂದೆ ಕೂತರು, ಎದ್ದದ್ದು ಅಂಗಡಿಯೇ. ಕೊನೆಗೆ ಶಮೀಮ್ ಡಾಕ್ಟರು ಬಂದರು. ಮನೆಯ ನಳ ತಿರುಗಿಸಿ ನೋಡಿದರು, ಬಚ್ಚಲಿನ ಚಿಲಕ ಹಾಕಿ ತೆಗೆದು ನೋಡಿದರು, ಆಮೇಲೆ ತಮ್ಮ ಪೆಟ್ಟಿಗೆ ಇಳಿಸಲು ಹೇಳಿದರು. ಅವರ ಕೈಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ಹೆತ್ತ ಮೊದಲಿಗರಲ್ಲಿ ನಾನೂ ಒಬ್ಬಳು. ಮಗಳು ಅತ್ತ ಸದ್ದು ಕೇಳಿ, ಇದು ನನ್ನದೇನಾ ಎಂದು ಕೇಳಿದೆನಂತೆ. "ನಿಮ್ಮದೇ, ತಗೊಳ್ಳಿ" ಅಂದರಂತೆ ಡಾಕ್ಟರು.

ಅಕ್ಕ ಆ ಐದು ವರ್ಷದಲ್ಲಿ ಗೊತ್ತಿಲ್ಲ ಎಂದು ಎಷ್ಟೋ ಸಲ ಅಂದರು. ಕಾಲುವೆಯ ಕೊನೆಯ ಹೊಲಕ್ಕೆ ನೀರು ಯಾಕೆ ಬರುತ್ತಿಲ್ಲ, ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮುಳುಗಡೆಯವರ ಹೊಸ ಊರಿನ ಶಾಲೆಗೆ ಮಕ್ಕಳು ಯಾಕೆ ಹೋಗುತ್ತಿಲ್ಲ ಎಂದು ನೋಡಲು ಇಬ್ಬರೂ ಜೊತೆಯಾಗಿ ಹೋಗುತ್ತಿದ್ದರು. ಮೊದಮೊದಲು ಜನಕ್ಕೆ ಇದು ಖುಷಿ ಕೊಟ್ಟಿತು. ಬರಬರುತ್ತ ಬೇಸರ ಬಂತು. ನಮ್ಮ ಶಾಸಕಿಗೆ ಏನೂ ಗೊತ್ತಿಲ್ಲವಂತೆ ಎಂದು ಪಕ್ಕದ ಊರಿನವರು ಬೀಗರ ಊಟದಲ್ಲಿ ಆಡಿಕೊಂಡರೆ ಯಾರಿಗೆ ತಾನೇ ಸಹಿಸುತ್ತದೆ? ಚುನಾವಣೆ ಬಂತು. ಊರ ಗೋಡೆಗಳ ಮೇಲೆಲ್ಲ ಕಮತಗಿಯವರ ಪಕ್ಷದವರು ದೊಡ್ಡ ಅಕ್ಷರದಲ್ಲಿ ಬರೆಸಿದರು: ಗೊತ್ತಿದ್ದವರನ್ನು ಗೆಲ್ಲಿಸಿ.

ಅಕ್ಕ ಕೆಲವೇ ನೂರು ಮತಗಳಿಂದ ಸೋತರು. ಮತ್ತೆ ಗಾಡಿ, ಮತ್ತೆ ಓಣಿ. ಸೋತದ್ದಕ್ಕೆ ಅವರು ಅಳಲಿಲ್ಲ. ಆದರೆ ನಮ್ಮ ಹಿತ್ತಲಿನ ಗೋಡೆಯ ಮೇಲೂ ಯಾರೋ ಬರೆದಿದ್ದ ಆ ಸಾಲಿನ ಮೇಲೆ ಅವರು ಸುಣ್ಣವನ್ನು ಬಳಿದಲ್ಲೇ ಮತ್ತೆ ಮತ್ತೆ ಬಳಿಯುವುದನ್ನು ಕಂಡೆ. "ಜೊತಿಗೆ ಕುಂತು ತಿರಿಗ್ಯಾಡಿದ ಮನಿಷ್ಯಾ ಕಸ್ತೂರಿ. ನಾ ಯಾಕ ಹಂಗ ಅಂತಿದ್ದೆ ಅನ್ನೂದು ಅವರಿಗೆ ಗೊತ್ತಿತ್ತು" ಅಂದರು. ಗುರುಬಸವ್ವ ಬಾಗಿಲಿಗೆ ಬಂದರೆ ಅವತ್ತು ಅಕ್ಕ ಎದ್ದು ಒಳಗೆ ಹೋದರು.

ಮರುದಿನ ಕಮತಗಿಯವರು ಹಾರದ ಹೂವು ಇನ್ನೂ ಅಂಗಿಗೆ ಅಂಟಿಕೊಂಡಿದ್ದ ಹಾಗೆಯೇ ಬಂದು ಕೂತರು. ಗೆದ್ದ ಖುಷಿಯಲ್ಲಿದ್ದರು. ಅಕ್ಕ ಕೇಳಿದರು.

"ನಾ ಗೊತ್ತಿಲ್ಲ ಅಂದದ್ದು ತಪ್ಪಾತೇನ್ರಿ, ಸಾಹುಕಾರ್ರ?"

ನೂರಾರು ಜನ ನಿಂತಿದ್ದರು. ತಪ್ಪಾಯಿತು ಎಂದಿದ್ದರೆ ಅವರ ಪಕ್ಷದವರು ಚಪ್ಪಾಳೆ ತಟ್ಟುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಕಮತಗಿಯವರು ಅಂಗಿಯ ಮೇಲಿನ ಎಸಳೊಂದನ್ನು ಕಿತ್ತು ಕೆಳಗೆ ಹಾಕಿದರು.

"ತಪ್ಪಿರಲಿಲ್ರಿ" ಅಂದರು. "ಗೆಲ್ಲಾಕ ಹಂಗ ಬರಸಿದೆ."

ಜನರ ನಡುವಿನಿಂದ ಗುಜುಗುಜು ಎದ್ದಿತು. ಅವರು ಎದ್ದು, ಯಾರತ್ತಲೂ ನೋಡದೆ ಜೀಪು ಹತ್ತಿದರು. ಅಕ್ಕ ಒಳಗೆ ಬಂದು ಒಂದು ಚೊಂಬು ನೀರು ಕುಡಿದು, "ಗುರುಬಸವ್ವಗ ಮಜ್ಜಿಗಿ ಕೊಟ್ಟು ಬಾ ಹೋಗು" ಅಂದರು.

ಎರಡು ವರ್ಷ ಹೀಗೆ ಕಳೆಯಿತು. ಅಷ್ಟರಲ್ಲಿ ಶಮೀಮ್ ಡಾಕ್ಟರ ಹೆಸರು ಸುತ್ತಲಿನ ತಾಲೂಕುಗಳಿಗೆ ಹಬ್ಬಿತ್ತು. ಕಮತಗಿಯವರ ಪಕ್ಷದ್ದೇ ಸರಕಾರ; ಆ ಸರಕಾರದ ಮಂತ್ರಿಯೊಬ್ಬರು ತಮ್ಮ ಊರಿಗೆ ಹೊಸ ಆಸ್ಪತ್ರೆ ಕಟ್ಟಿಸಿ, ಅಲ್ಲಿಗೆ ಈ ಡಾಕ್ಟರನ್ನೇ ವರ್ಗ ಮಾಡಲು ಹೇಳಿದರಂತೆ. ಸುದ್ದಿ ಬಂದ ಬೆಳಿಗ್ಗೆ ಜಗಲಿಯ ಮುಂದೆ ಬಸುರಿಯರೇ ಮುಂದಾಗಿ ನಿಂತಿದ್ದರು. ಕಮತಗಿಯವರು ಬಂದು ಕೂತರು. ಅವರಿಗೂ ವಯಸ್ಸಾಗುತ್ತಿತ್ತು, ಕೂರುವಾಗ ಮೊಣಕಾಲ ಮೇಲೆ ಕೈ ಊರಿದರು.

"ಡಾಕ್ಟರ್ ಇಲ್ಲೇ ಇರ್ತಾರೇನ್ರಿ, ಸಾಹುಕಾರ್ರ?" ಎಂದು ಅಕ್ಕ ಕೇಳಿದರು.

ಫೈಲಿನ ಮಾತು ಬರುತ್ತದೆ ಎಂದು ನಾನು ಕಾದೆ. ಕಮತಗಿಯವರು ಆ ಹೆಂಗಸರನ್ನು ನೋಡಿದರು, ನನ್ನ ಮಗಳನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದ ನನ್ನನ್ನು ನೋಡಿದರು.

"ಗೊತ್ತಿಲ್ಲ" ಅಂದರು.

ಅಕ್ಕ ತಕ್ಷಣ ಎದ್ದು ನಿಂತರು. "ಹಂಗಾರ ನಡ್ರಿ."

"ರಾಜಧಾನಿಗೇ ಹೋಗಬೇಕಾಕ್ಕೈತಿ ಬಾಯಾರ."

"ಹೋಗೂಣು. ಕಸ್ತೂರಿ, ಕೂಸಿಗೆ ಎರಡು ಅಂಗಿ ಇಟ್ಟುಕೋ."

ರೈಲಿನಲ್ಲಿ ಗುರುಬಸವ್ವ ಕಟ್ಟಿಕೊಟ್ಟ ಬುತ್ತಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಮಂತ್ರಿಗಳ ಕಚೇರಿಯಲ್ಲಿ ಕಾದು ಕೂತಾಗ ಮಗಳು ಅಲ್ಲಿಯ ನುಣುಪಾದ ನೆಲದ ಮೇಲೆ ಜಾರಿ ಆಡುತ್ತಿದ್ದಳು. ಒಳಗೆ ಕರೆದಾಗ ಮೇಜಿನ ಕೆಳಗೆ ನುಸುಳಿ ಮಂತ್ರಿಗಳ ಬೂಟಿನ ದಾರ ಎಳೆಯತೊಡಗಿದಳು. ನಾನು ಹೆದರಿ ಎತ್ತಿಕೊಂಡೆ.

ಮಂತ್ರಿಗಳು ಅಕ್ಕನನ್ನು ತೋರಿಸಿ, "ಇವರು ಯಾರು?" ಎಂದರು.

"ನಮ್ಮ ಕ್ಷೇತ್ರದಾಗ ಸೋತವರ್ರಿ" ಅಂದರು ಕಮತಗಿ.

"ವಿರೋಧ ಪಕ್ಷದವರಾ? ಇವರನ್ನ ಯಾಕೆ ಕರ್ಕೊಂಡು ಬಂದ್ರಿ?"

"ನಾ ಉತ್ತರಾ ಕೊಡಬೇಕಾದ್ದು ಇವರಿಗ್ರಿ."

ಮಂತ್ರಿಗಳು ನಕ್ಕರು. ಡಾಕ್ಟರ ವಿಷಯ ಕೇಳಿದ ಮೇಲೆ ನಗಲಿಲ್ಲ. ಒಬ್ಬ ಡಾಕ್ಟರಿಗಾಗಿ ಇಷ್ಟು ದೂರ ಬರಬೇಕಿತ್ತೇ, ಇನ್ನೊಬ್ಬರನ್ನು ಕಳಿಸೋಣ ಬಿಡಿ ಎಂದರು. ಕಮತಗಿಯವರು ಕದಲಲಿಲ್ಲ. ಆಗ ಮಂತ್ರಿಗಳು ಕನ್ನಡಕ ತೆಗೆದಿಟ್ಟು ಮೆಲ್ಲಗೆ, "ಮುಂದಿನ ಸಲ ಟಿಕೆಟ್ ಬೇಕೋ ಬೇಡವೋ ಕಮತಗಿಯವರೇ?" ಎಂದು ಕೇಳಿದರು.

ಕಮತಗಿಯವರು ಎದ್ದು ನನ್ನ ಬಳಿ ಬಂದು, ಮಗಳ ತಲೆಯ ಮೇಲೆ ಕೈಯಿಟ್ಟರು. "ಈ ಕೂಸು ಆ ಡಾಕ್ಟರ್ ಕೈಯಾಗ ಹುಟ್ಟಿದ್ದು, ಸಾಹೇಬ್ರ. ಇದಕಿಂತ ಮೊದಲಿಂದು..." ಅವರು ನನ್ನತ್ತ ನೋಡಿದರು. "ಮೊದಲಿಂದು ನನ್ನ ಜೀಪಿನ್ಯಾಗ ಹೋತು. ಗಂಡು ಕೂಸು. ಗಾದಿ ನಾನ ಹಾಸಿ ಕೊಟ್ಟಿದ್ದೆ. ಮರದಿನಾ ಇವರು ಕೇಳಿದರ ಫೈಲು ನಡದೈತಿ ಅಂದೆ. ಇನ್ನ ಹಂಗ ಅನ್ನೂದು ನನ್ನ ಕೈಲೆ ಆಗೂದಿಲ್ಲ. ಟಿಕೆಟ್ ನಿಮ್ಮ ಕೈಯಾಗ ಐತಿ, ಏನರ ಮಾಡ್ರಿ. ಡಾಕ್ಟರ್‍ನ ಕೊಡೂದಿಲ್ಲ. ಕೇಳಿದರ ಸದನದಾಗ ನಿಂತು ಇದನ್ನ ಹೇಳ್ತೀನಿ."

ಆ ಕೂಸಿನ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನನ್ನ ಗಂಡನೂ ಎತ್ತುತ್ತಿರಲಿಲ್ಲ. ಅದು ಗಂಡು ಎನ್ನುವುದನ್ನು ಎದುರು ಮನೆಯ ಮನುಷ್ಯರೊಬ್ಬರು ಇಷ್ಟು ವರ್ಷ ನೆನಪಿಟ್ಟಿದ್ದರು. ನಾನು ಆ ಕಚೇರಿಯಲ್ಲೇ, ಮಂತ್ರಿಗಳ ಎದುರಿನಲ್ಲೇ, ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟು, "ಅಳು, ಅತ್ತು ಬಿಡು" ಅಂದರು. ಮಂತ್ರಿಗಳು ಕಿಟಕಿಯತ್ತ ತಿರುಗಿ ನಿಂತರು. ವರ್ಗದ ಆದೇಶ ಬರಲಿಲ್ಲ.

ಟಿಕೆಟ್ಟೂ ಬರಲಿಲ್ಲ. ಮುಂದಿನ ಚುನಾವಣೆಗೆ ಕಮತಗಿಯವರ ಪಕ್ಷ ಪ್ರಭುಲಿಂಗ ಎಂಬ ಯುವಕನನ್ನು ನಿಲ್ಲಿಸಿತು. ಕಮತಗಿಯವರು ಪಕ್ಷ ಬಿಡಲಿಲ್ಲ, ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಅಕ್ಕನ ಪರವಾಗಿ ಒಂದು ಮಾತಾಡಿ ಎಂದು ಕೇಳಲು ಬಂದವರಿಗೆ, "ಅವರ ಪರ ಮಾತಾಡಾಕ ಹೆಂಗಸರು ಅದಾರ, ನಾ ಯಾಕ?" ಅಂದರಂತೆ. ಅಕ್ಕ ಅದುವರೆಗೆ ಕಾಣದಷ್ಟು ಮತಗಳಿಂದ ಗೆದ್ದರು. ಆ ಸಲ ಊರಲ್ಲಿ ಯಾವ ಗೋಡೆಯ ಮೇಲೂ ಯಾರೂ ಏನೂ ಬರೆಸಿರಲಿಲ್ಲ.

ಎಣಿಕೆಯ ಮರುದಿನ ಗಾಡಿಗಳು ಬಂದು ನಿಂತವು. ನಾವು ಗೆದ್ದವರ ಮನೆಗೆ ಹೋಗಬೇಕು, ಪ್ರಭುಲಿಂಗ ಸೋತವರ ಮನೆಗೆ ಬರಬೇಕು. ಕಮತಗಿಯವರು ಗೆದ್ದವರಲ್ಲ, ಸೋತವರೂ ಅಲ್ಲ. ಎರಡೂ ಮನೆಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಮಕ್ಕಳಿಲ್ಲದ ಆ ದಂಪತಿಗಳು ತಮ್ಮ ಹತ್ತಿಯ ಗೋದಾಮಿನ ಹಿಂದೆ ಎರಡು ಕೋಣೆಯ ಮನೆಯೊಂದನ್ನು ಗೊತ್ತುಮಾಡಿಕೊಂಡಿದ್ದರು. ನಾನು ಮನಸ್ಸು ಭಾರ ಮಾಡಿಕೊಂಡು, ಅವರ ಪಾತ್ರೆಯ ಬುಟ್ಟಿ ಹೊತ್ತು, ಅವರ ಗಾಡಿಯ ಹಿಂದೆ ನಡೆದೆ.

ಗುರುಬಸವ್ವ ಅಳುತ್ತಿರಬಹುದು ಎಂದುಕೊಂಡಿದ್ದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಣೆಯ ನಡುವೆ ನಿಂತಿದ್ದರು. ಸುಣ್ಣ ಬಳಿದ ಬರಿಯ ಗೋಡೆಯನ್ನು ಅಂಗೈಯಿಂದ ಸವರಿ, "ಕಸ್ತೂರಿ, ಪೆಟಿಗ್ಯಾಗ ನಮ್ಮ ಲಗ್ನದ ಫೋಟೋ ಐತಿ, ತಗಿ" ಅಂದರು. ಹಳೆಯ ಸೀರೆಗಳ ಅಡಿಯಲ್ಲಿ ಅದು ಸಿಕ್ಕಿತು. ಹುಡುಗಿಯಂತಿದ್ದ ಗುರುಬಸವ್ವ, ಮೀಸೆ ಇನ್ನೂ ಸರಿಯಾಗಿ ಬಾರದ ಕಮತಗಿ. "ಯಾವತ್ತ ತಗೀಬೇಕಾಕ್ಕೈತೋ ಅಂತ ಎಲ್ಲೀನೂ ಹಾಕಿರಲಿಲ್ಲವ್ವಾ. ಇಲ್ಲಿಂದ ನಮ್ಮನ್ನ ಯಾರು ಎಬ್ಬಸ್ತಾರ?" ಎಂದು ನಕ್ಕರು. "ಏನ್ರೀ, ಒಂದು ಮೊಳಿ ಹೊಡೀರಿ ಇಲ್ಲಿ."

ಕಮತಗಿಯವರು ಗೋದಾಮಿನಿಂದ ಸುತ್ತಿಗೆ ತಂದರು. ಕುರ್ಚಿ ಹತ್ತಿದರೆ ಕುರ್ಚಿ ಅಲ್ಲಾಡಿತು; ಅವರಿಗೆ ಮೊಣಕಾಲು ನೋವು ಬೇರೆ. ನಾನು ಫೋಟೋ ಹಿಡಿದಿದ್ದೆ, ಕೈ ಖಾಲಿ ಇರಲಿಲ್ಲ. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಪ್ರಮಾಣವಚನಕ್ಕೆಂದು ರೈಲು ನಿಲ್ದಾಣಕ್ಕೆ ಹೊರಟಿದ್ದ ಅಕ್ಕ ಒಳಗೆ ಬಂದರು. ಹೊಸ ಸೀರೆ, ಕೊರಳಲ್ಲಿ ನಮ್ಮದೇ ಅಂಗಡಿಯ ಹಾರ. ಕುರ್ಚಿ ನೋಡಿ, ಹಾರ ತೆಗೆದು ಕಿಟಕಿಯ ಮೇಲಿಟ್ಟು, ಬಗ್ಗಿ ಎರಡೂ ಕೈಯಿಂದ ಕುರ್ಚಿಯ ಕಾಲು ಗಟ್ಟಿಯಾಗಿ ಹಿಡಿದರು.

"ಹೊಡೀರಿ ಸಾಹುಕಾರ್ರ."

"ನಿಮಗ ರೈಲಿಗೆ ಹೊತ್ತಾಗೂದಿಲ್ಲೇನ್ರಿ ಬಾಯಾರ?"

"ಹೊಡೀರಿ ಅಂದೆ."

ಮೊದಲನೆಯ ಏಟಿಗೆ ಮೊಳೆ ಬಾಗಿತು. ಗುರುಬಸವ್ವ ಇನ್ನೊಂದು ಕೊಟ್ಟರು. "ಸ್ವಲ್ಪ ಎಡಕ್ಕ ರೀ. ಇನ್ನೂ ಸ್ವಲ್ಪ ಮ್ಯಾಲ." ಸುಣ್ಣದ ಚೂರುಗಳು ಅಕ್ಕನ ತಲೆಯ ಮೇಲೆ ಉದುರುತ್ತಿದ್ದವು, ಹೊರಗೆ ಡ್ರೈವರ್ ಹಾರ್ನ್ ಒತ್ತುತ್ತಿದ್ದ, ಅಕ್ಕ ಕುರ್ಚಿ ಬಿಡಲಿಲ್ಲ.